ಹಯಾ ಬೇರೆ, ಭೀತಿ ಬೇರೆ

ಉತ್ತರ ಗೊತ್ತಿದ್ದೂ ತರಗತಿಯಲ್ಲಿ ಕೈ ಎತ್ತದ ವಿದ್ಯಾರ್ಥಿನಿ. ಸಂದರ್ಶನದ ಪತ್ರ ಕೈಸೇರಿದಂದಿನಿಂದ ನಿದ್ದೆಗೆಟ್ಟು, ಕೊನೆಗೆ ಹೊಟ್ಟೆನೋವಿನ ನೆಪವೊಡ್ಡಿ ಮನೆಯಲ್ಲೇ ಉಳಿಯುವ ಪದವೀಧರ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಭಯದಿಂದ ನಿಕಾಹ್‌ನ ಊಟದಲ್ಲಿ ತುತ್ತು ನುಂಗಲಾರದೆ ಎದ್ದುಹೋಗುವ ಯುವಕ. ಸಿಂಧನೂರು, ಲಿಂಗಸುಗೂರು, ಮಸ್ಕಿಯಂತಹ ಪಟ್ಟಣಗಳ ಮೊಹಲ್ಲಾಗಳಲ್ಲಿ ಇಂಥವರು ಅಪರೂಪವೇನಲ್ಲ. ಇವರಿಗೆ ನಾವು ಇಟ್ಟಿರುವ ಹೆಸರುಗಳು ಹಲವು. ಹುಡುಗಿಯಾದರೆ ಶರೀಫ್, ಹುಡುಗನಾದರೆ ಪುಕ್ಕಲ ಇಲ್ಲವೇ ಅಹಂಕಾರಿ, ತೊಂದರೆ ಉಲ್ಬಣಿಸಿದರೆ ಜಿನ್ನ್ ಬಾಧೆ. ಕಾಯಿಲೆ ಎಂಬ ಹೆಸರೊಂದೇ ನಮ್ಮ ಬಾಯಿಗೆ ಬರುವುದಿಲ್ಲ.

ವೈದ್ಯಶಾಸ್ತ್ರವು ಇದನ್ನು ಸಾಮಾಜಿಕ ಆತಂಕದ ಕಾಯಿಲೆ ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ತನ್ನ ರೋಗಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಸಿತು. ಹೊಸಬರೆದುರು ತುಸು ಸಂಕೋಚವಾಗುವುದು ಸಹಜ. ಅದು ಸ್ವಲ್ಪ ಹೊತ್ತಿನಲ್ಲಿ ಕರಗುತ್ತದೆ. ಆದರೆ ಇತರರು ತನ್ನನ್ನು ಅಳೆಯುತ್ತಾರೆ, ತಪ್ಪಿದರೆ ನಗುತ್ತಾರೆ ಎಂಬ ಭಯವು ಆರು ತಿಂಗಳಿಗೂ ಮಿಕ್ಕಿ ಕಾಡುತ್ತಾ, ಓದು, ದುಡಿಮೆ ಮತ್ತು ಸಂಬಂಧಗಳನ್ನು ಕೆಡಿಸತೊಡಗಿದರೆ ಅದು ಕಾಯಿಲೆ. ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಗಂಟಲು ಒಣಗುತ್ತದೆ. ಬಹುತೇಕ ಇದರ ಆರಂಭ ಹದಿಹರೆಯದಲ್ಲಿ. ತನ್ನ ಭಯ ಅತಿಯಾದುದೆಂದು ರೋಗಿಗೇ ಗೊತ್ತಿರುತ್ತದೆ. ಆದರೂ ಅದರಿಂದ ಬಿಡಿಸಿಕೊಳ್ಳಲಾರ. ಭಯದ ಸನ್ನಿವೇಶವನ್ನು ಇಂದು ತಪ್ಪಿಸಿಕೊಂಡರೆ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ನಾಳೆಯ ಭಯವನ್ನು ಬಲಪಡಿಸುತ್ತದೆ. ಹೀಗೆ ಬದುಕಿನ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ಅರ್ಜಿ ಕೇಳುವುದು, ಕಚೇರಿಗೆ ಫೋನ್ ಮಾಡುವುದು, ಬಸ್ಸಿನಲ್ಲಿ ಚಿಲ್ಲರೆ ಕೇಳುವುದು ಕೂಡ ಬೆಟ್ಟವಾಗುತ್ತದೆ.

ಇದು ಕೇವಲ ಮನೆಯೊಳಗಿನ ಸಂಕಟವಲ್ಲ. 2012ರ ಸಂವಿಧಾನ ತಿದ್ದುಪಡಿಯ ಮೂಲಕ 371(ಜೆ) ವಿಧಿಯು ನಮ್ಮ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯ ಹಾದಿ ತೆರೆಯಿತು. ಆದರೆ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಲಾರದವನಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಶಿಕ್ಷಣದಲ್ಲಿ ಹಿಂದುಳಿದ ಸಮುದಾಯವೊಂದು ತನ್ನ ಓದಿದ ಮಕ್ಕಳನ್ನೂ ಹೀಗೆ ಮೌನಕ್ಕೆ ಒಪ್ಪಿಸಿಬಿಡಬೇಕೇ?

ಹಯಾ ಈಮಾನಿನ ಭಾಗವೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ, ನಿಜ. ಆದರೆ ಹಯಾ ಮನುಷ್ಯನನ್ನು ಕೆಡುಕಿನಿಂದ ತಡೆಯುತ್ತದೆ. ಈ ಭೀತಿ ಒಳಿತಿನಿಂದಲೇ ತಡೆಯುತ್ತದೆ. ಲಜ್ಜೆಯು ಧರ್ಮಜ್ಞಾನ ಪಡೆಯಲು ಅಡ್ಡಿಯಾಗಲಿಲ್ಲವೆಂದೇ ಹಜ್ರತ್ ಆಯಿಶಾ(ರ)ರು ಅನ್ಸಾರ್ ಮಹಿಳೆಯರನ್ನು ಪ್ರಶಂಸಿಸಿದರು. ಫಿರ್‌ಔನನ ಆಸ್ಥಾನಕ್ಕೆ ಹೋಗಬೇಕಾದಾಗ ಪ್ರವಾದಿ ಮೂಸಾ(ಅ)ರು ತಮ್ಮ ಎದೆಯನ್ನು ವಿಶಾಲಗೊಳಿಸುವಂತೆಯೂ ನಾಲಗೆಯ ಗಂಟನ್ನು ಬಿಡಿಸುವಂತೆಯೂ ಪ್ರಾರ್ಥಿಸಿದರು. ಜೊತೆಗೆ ಸಹೋದರ ಹಾರೂನ್(ಅ)ರ ನೆರವನ್ನೂ ಬೇಡಿದರು. ಅದು ಈಮಾನಿನ ಕೊರತೆಯೆಂದು ಯಾರೂ ಹೇಳಲಾರರು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿಯವರು ದೇಹ ಮತ್ತು ಮನಸ್ಸುಗಳೆರಡರ ಆರೋಗ್ಯದ ಕುರಿತು ಒಂದೇ ಗ್ರಂಥದಲ್ಲಿ ಬರೆದು, ಭಯ ಮತ್ತು ವಿಷಾದಗಳಿಗೆ ಪರಿಹಾರ ಸೂಚಿಸಿದ್ದರು. ಅಂತಹ ಪರಂಪರೆಯ ವಾರಸುದಾರರು ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುವುದೇಕೆ?

ಇದಕ್ಕೆ ಚಿಕಿತ್ಸೆಯಿದೆ. ತಪ್ಪು ಊಹೆಗಳನ್ನು ಗುರುತಿಸಿ, ಹೆದರುವ ಸನ್ನಿವೇಶವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆ ಪರಿಣಾಮಕಾರಿ. ಅಗತ್ಯವಿದ್ದರೆ ವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಆದರೆ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂತಹ ಸಾಮಾನ್ಯ ಮನೋರೋಗವಿರುವವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದಾರೆ.

ಇಲ್ಲಿ ಸರ್ಕಾರದ ಹೊಣೆಯೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ನೀಡುವ ಪ್ರಯೋಗ ನಡೆಸಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಇಂತಹ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವುದು ರಾಜ್ಯದ ಮನೋಚೈತನ್ಯ ಯೋಜನೆಯ ಉದ್ದೇಶ. ಅದು ನಮ್ಮ ಮೂರೂ ಊರುಗಳಲ್ಲಿ ತಪ್ಪದೆ ನಡೆಯುತ್ತಿದೆಯೇ ಎಂದು ಶಾಸಕರನ್ನು ಪ್ರಶ್ನಿಸೋಣ. ಚಿಕಿತ್ಸೆಗೆಂದು ರಾಯಚೂರಿಗೆ ಹೋದರೆ ಕೂಲಿಕಾರನ ಒಂದು ದಿನದ ದುಡಿಮೆಯೇ ಹೋಗುತ್ತದೆ.

ನಮ್ಮ ಹೊಣೆ ಮನೆಯಿಂದಲೇ ಆರಂಭವಾಗಲಿ. ಹೆತ್ತವರು ಅತಿಥಿಗಳೆದುರು ಮಕ್ಕಳನ್ನು ಮೂದಲಿಸದಿರಲಿ, ಅಣ್ಣನ ಜೊತೆ ಹೋಲಿಸದಿರಲಿ. ಶಾಲೆ, ಮದ್ರಸಾಗಳ ಶಿಕ್ಷಕರು ತಡವರಿಸುವ ಮಗುವನ್ನು ಎಲ್ಲರೆದುರು ನಿಲ್ಲಿಸಿ ನಗಿಸದಿರಲಿ. ದುವಾ ಮಾಡೋಣ, ಅದರೊಂದಿಗೆ ವೈದ್ಯರಲ್ಲಿಗೂ ಹೋಗೋಣ. ಅಲ್ಲಾಹನು ಔಷಧಿಯಿಲ್ಲದ ರೋಗವನ್ನು ಇಳಿಸಿಲ್ಲವೆಂಬ ಪ್ರವಾದಿ(ಸ)ರ ಬೋಧನೆ ಮನಸ್ಸಿನ ರೋಗಕ್ಕೂ ಅನ್ವಯಿಸುತ್ತದೆ. ಖತೀಬರು ಒಂದು ಜುಮಾ ಖುತ್ಬಾವನ್ನು ಈ ವಿಷಯಕ್ಕೆ ಮೀಸಲಿಡಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿಮಾನಸ್ ಉಚಿತ ಸಹಾಯವಾಣಿಯ 14416 ಸಂಖ್ಯೆಯನ್ನು ಜಮಾಅತ್ ಮಸೀದಿಯ ಫಲಕದಲ್ಲಿ ಬರೆಸಲಿ; ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಫೋನ್ ಮಾಡಲೂ ಹೆದರುವವರ ಪರವಾಗಿ ಮನೆಯವರೇ ಮೊದಲ ಕರೆ ಮಾಡಲಿ.

ಮೂಸಾ(ಅ)ರು ಬೇಡಿದ್ದು ಜೊತೆಗೆ ನಡೆಯುವ ಸಹೋದರನನ್ನು. ನಮ್ಮ ಮೊಹಲ್ಲಾದ ಮೌನಿಗಳಿಗೂ ಬೇಕಾಗಿರುವುದು ಅಂಥವರೇ. ಆ ಹಾರೂನ್ ನಾವಾಗಬಾರದೇಕೆ?