ಸೋತ ತಂಡವೊಂದು ಕಲಿಸುವ ಪಾಠ

ವಿದ್ಯಾಸಂಸ್ಥೆಯೊಂದರ ಹಿರಿಮೆಯನ್ನು ಅದರ ಗಾಜಿನ ಬೀರುವಿನಲ್ಲಿ ಸಾಲುಗೊಂಡ ಪಾರಿತೋಷಕಗಳಿಂದ ಅಳೆಯುವ ಪರಿಪಾಠ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದರ ಮಗ್ಗುಲಲ್ಲೇ, ಹತ್ತನೆಯ ತರಗತಿ ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಒಪ್ಪಿಸಿಬಿಡುವ ಪರಿಪಾಠವೂ ಇದೆ. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವೆಂದು ತೋರಿದರೂ ಇವುಗಳ ಮೂಲ ಒಂದೇ: ಆಟಕ್ಕೆ ತನ್ನದೇ ಆದ ಬೆಲೆಯುಂಟೆಂಬ ನಂಬಿಕೆಯ ಅಭಾವ. ಈ ಮಾತನ್ನು ವಿಶದಪಡಿಸಲು ದೂರದ ಅಮೆರಿಕದ ಒಂದು ವಿಶ್ವವಿದ್ಯಾಲಯದ ತಂಡದ ಕಥೆಯನ್ನು ವಾಚಕರ ಮುಂದಿಡಬಯಸುತ್ತೇನೆ.

ಆ ದೇಶದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮಕ್ಕಳು ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಮೈಬಲದಿಂದ ಭೇದಿಸಿ ಮುನ್ನುಗ್ಗುವ, ತಂಡಕ್ಕೆ ಹನ್ನೊಂದು ಮಂದಿಯ ಆಟವದು. ಷಿಕಾಗೋ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಈ ಆಟದ ತವರುಮನೆಗಳಲ್ಲಿ ಒಂದಾಗಿತ್ತು. ಆಮಸ್ ಅಲೊಂಜೊ ಸ್ಟಾಗ್ ಎಂಬ ಮಹಾನ್ ತರಬೇತುದಾರರು 1892ರಿಂದ 1932ರವರೆಗೆ ಅಲ್ಲಿನ ತಂಡವನ್ನು ತಿದ್ದಿ ಬೆಳೆಸಿದರು. ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪಾರಿತೋಷಕ 1935ರಲ್ಲಿ ಮೊಟ್ಟಮೊದಲು ಸಂದದ್ದು ಅಲ್ಲಿಯ ವಿದ್ಯಾರ್ಥಿ ಜೇ ಬರ್ವ್ಯಾಂಗರ್‌ಗೆ.

ಅಂತಹ ತಂಡ 1939ರಲ್ಲಿ ಕಂಡ ಋತುವನ್ನು ನೋಡಿರಿ. ಎಂಟು ಪಂದ್ಯಗಳಲ್ಲಿ ಗೆಲುವು ಎರಡೇ. ಹಾರ್ವರ್ಡ್ ಎದುರು 61ಕ್ಕೆ ಶೂನ್ಯ, ಮಿಚಿಗನ್ ಎದುರು 85ಕ್ಕೆ ಶೂನ್ಯ, ವರ್ಜೀನಿಯಾ ಎದುರು 47ಕ್ಕೆ ಶೂನ್ಯ, ಒಹಾಯೊ ಎದುರು ಮತ್ತೆ 61ಕ್ಕೆ ಶೂನ್ಯ, ಇಲಿನಾಯ್ ಎದುರು 46ಕ್ಕೆ ಶೂನ್ಯ. ಇಡೀ ಋತುವಿನಲ್ಲಿ ತಂಡ ಗಳಿಸಿದ ಅಂಕಗಳು 37, ತೆತ್ತದ್ದು 308. ತರಬೇತುದಾರನ ಅಸಾಮರ್ಥ್ಯವೇ ಇದಕ್ಕೆ ಕಾರಣವೆನ್ನುವಂತಿಲ್ಲ. ಅದೇ ಕ್ಲಾರ್ಕ್ ಷಾನಸಿ ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ, ಹಿಂದಿನ ವರ್ಷ ಒಂದೇ ಪಂದ್ಯ ಗೆದ್ದಿದ್ದ ಅಲ್ಲಿನ ತಂಡವನ್ನು ಒಂದು ಸೋಲೂ ಇಲ್ಲದೆ ದಡ ಮುಟ್ಟಿಸಿದರು. ಷಿಕಾಗೋ ಸೋತದ್ದಕ್ಕೆ ಕಾರಣ ಬೇರೆ. ಇತರರು ಆಟಗಾರರನ್ನು ಹುಡುಕಿ, ಆಮಿಷವೊಡ್ಡಿ ಕರೆತರುತ್ತಿದ್ದ ಕಾಲದಲ್ಲಿ ಷಿಕಾಗೋ ತನ್ನ ಪಾಠದ ಕಟ್ಟುನಿಟ್ಟನ್ನು ಆಟಗಾರರಿಗೆಂದು ಸಡಿಲಿಸಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಅಭಿಪ್ರಾಯದಂತೆ ಆಡಳಿತ ಮಂಡಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಟಿಕೆಟ್ಟಿನ ಹಣಕ್ಕಾಗಿ, ಹೊರಗಿನ ಜಯಘೋಷಕ್ಕಾಗಿ ವಿದ್ಯಾಲಯ ತನ್ನ ತನವನ್ನು ಮಾರಿಕೊಳ್ಳಬಾರದೆಂಬುದು ಹಚಿನ್ಸರ ನಿಲುವು. ಅದು ಧೀರ ನಿರ್ಧಾರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದನ್ನು ಪೂರ್ಣವಾಗಿ ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. 85 ಅಂಕಗಳಿಂದ ಸೋತ ಮೇಲೂ ಅಂಗಿ ತೊಟ್ಟು ಮೈದಾನಕ್ಕಿಳಿದ ಆ ಹುಡುಗರು ಯಾವ ಆಮಿಷಕ್ಕಾಗಿ ಆಡಿದರು? ಗೆಲ್ಲುವುದಿಲ್ಲವೆಂದು ಬಲ್ಲವರು ಅಡ್ಡದಾರಿ ಹಿಡಿಯದೆ, ಬೆನ್ನು ತೋರಿಸದೆ ಕಡೆಯವರೆಗೆ ಆಡಿದರಲ್ಲ, ಅದಕ್ಕಿಂತ ದೊಡ್ಡ ಶಿಕ್ಷಣ ಯಾವ ತರಗತಿಯಲ್ಲಿ ದೊರಕೀತು? ವ್ಯಾಪಾರವನ್ನು ಹೊರದೂಡುವ ಭರದಲ್ಲಿ ಆಟವನ್ನೂ ಹೊರದೂಡಿದ್ದು ಅತಿಯಾಯಿತು.

ಮುಂದೆ ನಡೆದುದು ಇನ್ನೂ ವಿಚಾರಾರ್ಹ. ಪಂದ್ಯಗಳಿಲ್ಲದೆ ಬರಿದಾದ ಆ ಕ್ರೀಡಾಂಗಣದ ಮೆಟ್ಟಿಲುಸಾಲುಗಳ ಕೆಳಗೆ, 1942ರ ಡಿಸೆಂಬರ್ 2ರಂದು, ಎನ್ರಿಕೋ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಪ್ರಪ್ರಥಮ ನಿಯಂತ್ರಿತ ಪರಮಾಣು ಸರಪಳಿಕ್ರಿಯೆಯನ್ನು ಸಾಧಿಸಿದರು. ಅದೇ ಸಂಶೋಧನೆಯ ದಾರಿ 1945ರಲ್ಲಿ ಹಿರೋಶಿಮಾದವರೆಗೆ ಸಾಗಿತು. ಆಟವನ್ನು ತ್ಯಜಿಸಿದ ಮಾತ್ರಕ್ಕೆ ವಿದ್ಯೆ ತಾನಾಗಿ ಪವಿತ್ರವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇಂದು ಆ ಮೈದಾನದ ನೆಲದಲ್ಲಿ 1970ರಲ್ಲಿ ತೆರೆದ ಭವ್ಯ ಗ್ರಂಥಾಲಯ ನಿಂತಿದೆ. ಅದಕ್ಕೂ ಮುನ್ನವೇ, 1969ರಲ್ಲಿ, ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡವನ್ನು ಮರಳಿ ಕಟ್ಟಿತ್ತು. ಆಟಕ್ಕೆಂದು ವಿದ್ಯಾರ್ಥಿವೇತನ ಕೊಡದ ಕಾಲೇಜುಗಳ ವರ್ಗದಲ್ಲಿ ಆ ತಂಡ ಈಗಲೂ ಆಡುತ್ತಿದೆ. ಗ್ರಂಥಾಲಯವೂ ಇರಲಿ, ತಂಡವೂ ಇರಲಿ ಎಂಬ ಈ ಎರಡನೆಯ ನಿರ್ಧಾರವೇ ಮೊದಲನೆಯದಕ್ಕಿಂತ ವಿವೇಕಯುತವೆಂದು ನನ್ನ ಅಭಿಮತ. ಅತ್ತ ಮೇಲಿನ ವರ್ಗದಲ್ಲಿ ವ್ಯಾಪಾರವೇ ಗೆದ್ದಿದೆ. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಅಲ್ಲಿನ ಕಾಲೇಜುಗಳು ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದಾಗಿದೆ. ದುಡಿಸಿಕೊಂಡವರು ಕೂಲಿ ಕೊಡುವುದು ನ್ಯಾಯವೇ. ಆದರೆ ಅಲ್ಲಿ ವಿದ್ಯಾರ್ಥಿ ಎಂಬ ಪದಕ್ಕೆ ಉಳಿದ ಅರ್ಥವೇನೆಂದು ಕೇಳದಿರಲಾಗದು.

ಈ ಕಥೆಯಿಂದ ನಾವು ಕಲಿಯಬೇಕಾದುದೇನು? ನಮ್ಮ ಶಾಲೆಗಳಲ್ಲಿ ಕೋಟಿಗಟ್ಟಲೆ ಹಣದ ಮಾತಿಲ್ಲ. ಆದರೆ ತಾಲ್ಲೂಕು ಮಟ್ಟದ ಒಂದು ಶೀಲ್ಡಿಗಾಗಿ ವಯಸ್ಸು ಮೀರಿದ ಹುಡುಗನನ್ನು ಕಬಡ್ಡಿಯ ಅಂಕಣಕ್ಕಿಳಿಸುವ ಪ್ರಲೋಭನೆ ಹಚಿನ್ಸರು ಖಂಡಿಸಿದ ವ್ಯಾಧಿಯ ಸಣ್ಣ ರೂಪವೇ ಆಗಿದೆ. ಪರೀಕ್ಷೆಯ ನೆಪದಲ್ಲಿ ಮೈದಾನಕ್ಕೆ ಬೀಗ ಜಡಿಯುವುದು ಆ ವ್ಯಾಧಿಗೆ ಮದ್ದಲ್ಲ. ದೇಹವನ್ನು ತಿರಸ್ಕರಿಸದೆ ಅದನ್ನೇ ದೇಗುಲವೆಂದು ಭಾವಿಸಿದ ಪರಂಪರೆ ನಮ್ಮದು. ಕಾಯಕಕ್ಕೆ ಫಲಕ್ಕಿಂತ ಶುದ್ಧಿ ಮುಖ್ಯವೆಂದು ಸಾರಿದವರು ನಮ್ಮ ಶರಣರು. ಆ ಮಾತು ಆಟದ ಬಯಲಿಗೂ ಅನ್ವಯಿಸುತ್ತದೆ.

ಆದುದರಿಂದ ಅಧ್ಯಾಪಕರಲ್ಲಿಯೂ ಪೋಷಕರಲ್ಲಿಯೂ ನನ್ನ ವಿನಂತಿ ಇಷ್ಟೆ: ಪ್ರತಿಯೊಂದು ಮಗುವಿಗೂ, ಹತ್ತನೆಯ ತರಗತಿಯ ಮಗುವಿಗೂ, ವಾರದ ಆಟದ ಅವಧಿ ಅಬಾಧಿತವಾಗಿ ಉಳಿಯಲಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಗೆದ್ದ ತಂಡಕ್ಕೆ ಪಾರಿತೋಷಕ ಸಲ್ಲಲಿ. ಅದರ ಜೊತೆಗೆ, ನೇರವಾಗಿ ಆಡಿ ಸೋತು ಬಂದ ತಂಡವನ್ನೂ ಹೆಸರು ಹಿಡಿದು ವೇದಿಕೆಗೆ ಕರೆಯುವ ಸಂಪ್ರದಾಯವೊಂದು ನಮ್ಮಲ್ಲಿ ಆರಂಭವಾಗಲಿ. ಬದುಕಿನಲ್ಲಿ ಗೆಲುವಿಗಿಂತ ಸೋಲುಗಳೇ ಹೆಚ್ಚು. ಅವುಗಳನ್ನು ತಲೆಯೆತ್ತಿ ಎದುರಿಸಲು ಕಲಿಸದ ಶಾಲೆ, ಬೀರು ತುಂಬ ಬೆಳ್ಳಿಯ ಬಟ್ಟಲುಗಳನ್ನು ಇಟ್ಟುಕೊಂಡಿದ್ದರೂ, ತನ್ನ ಕರ್ತವ್ಯವನ್ನು ಅರ್ಧದಲ್ಲಿಯೇ ಕೈಬಿಟ್ಟಂತೆ.