ಮನೆವಾರ್ತೆ: ಊರಿನಿಂದ ತೊಟ್ಟಿಲು ತರಿಸುವಾಗ

ಇಂದಾಪುರದಲ್ಲಿ ನೆಲೆಸಿದ ನಮ್ಮವರ ಮನೆಯಲ್ಲಿ ಕೂಸು ಹುಟ್ಟಿತೆಂದರೆ ತವರಿನವರಿಗೆ ಕಲಘಟಗಿಯ ತೊಟ್ಟಿಲು ನೆನಪಾಗುವುದು ಸಹಜ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೈತುಂಬ ಪುರಾಣದ ಚಿತ್ರ. ತಾಯಿ ಮಲಗಿದ ತೊಟ್ಟಿಲಲ್ಲಿ ಮಗಳ ಕೂಸೂ ಮಲಗುವಷ್ಟು ಬಾಳಿಕೆ. ಇಂಥ ವಸ್ತು ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ದಾಟಿ ಲಾರಿಯಲ್ಲಿ ಬರುವಾಗ ಕಾಲು ಮುರಿದರೆ ಯಾರನ್ನು ಕೇಳಬೇಕು?

ಜಗಳ ಇಲ್ಲಿಯ ಬಾಗಿಲಲ್ಲಿ ಆಗುತ್ತದೆ. ಪರಿಹಾರದ ಮೊತ್ತ ಮಾತ್ರ ಸಾಮಾನು ಏರಿಸಿದ ಊರಿನಲ್ಲಿಯೇ ನಿಶ್ಚಯವಾಗಿರುತ್ತದೆ. ಇದನ್ನು ತವರಿನವರಿಗೆ ಮೊದಲೇ ತಿಳಿಸಿರಿ.

2007ರ ರಸ್ತೆ ಸಾಗಣೆ ಕಾಯದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಯ ದರ ಕೊಟ್ಟು ಬರೆಸದಿದ್ದರೆ, ಸಾಗಣೆದಾರನ ಹೊಣೆ ಬಾಡಿಗೆಯ 10 ಪಟ್ಟಿಗೆ ಸೀಮಿತ. ಅದೂ ಚೀಟಿಯಲ್ಲಿ ಬರೆಸಿದ ಬೆಲೆಯನ್ನು ಮೀರುವಂತಿಲ್ಲ. ತೊಟ್ಟಿಲಿನ ಬೆಲೆ 30,000 ರೂಪಾಯಿ, ಬಾಡಿಗೆ 900 ರೂಪಾಯಿ ಎಂದು ಇಟ್ಟುಕೊಳ್ಳಿರಿ. ಪೂರಾ ಚೂರಾದರೂ ಸಿಗುವುದು ಹೆಚ್ಚೆಂದರೆ 9,000. ಬಾಡಿಗೆ ಉಳಿಸಲು ಬೆಲೆಯನ್ನು 2,000 ಎಂದು ಬರೆಸಿದ್ದರೆ ಅಷ್ಟೇ. ಆದ್ದರಿಂದ ನಿಜವಾದ ಬೆಲೆಯನ್ನೇ ಬರೆಸಿ, ಹೆಚ್ಚಿನ ದರವನ್ನೋ ವಿಮೆಯನ್ನೋ ವಿಚಾರಿಸಿರಿ.

ಕಟ್ಟುವ ಕ್ರಮವೂ ಮುಖ್ಯ. ಬಿಚ್ಚಬಹುದಾದ ಭಾಗಗಳನ್ನು ಬಿಚ್ಚಿ, ಒಂದೊಂದನ್ನೂ ಮೆತ್ತನೆಯ ಅರಿವೆಯಲ್ಲಿ ಸುತ್ತಿ, ಮೂಲೆಗಳಿಗೆ ದಪ್ಪ ರಟ್ಟು ಕೊಟ್ಟು ಕಟ್ಟಿಸಿರಿ. ಬಣ್ಣದ ಮೈಗೆ ಹಗ್ಗ ನೇರವಾಗಿ ತಾಗಬಾರದು. ಕಟ್ಟುವ ಮುಂಚೆ ನಾಲ್ಕೂ ಬದಿಯ ಚಿತ್ರ ತೆಗೆದಿಡಿರಿ.

ಸಾಮಾನು ಬಂದಾಗ ಚಾಲಕ ಅವಸರ ಮಾಡುತ್ತಾನೆ. ನೀವು ಅವಸರ ಮಾಡಬೇಡಿರಿ. ಅವನೆದುರೇ ಕಟ್ಟು ಬಿಚ್ಚಿ ನೋಡಿರಿ. ಮುರಿದಿದ್ದರೆ ರುಜು ಹಾಕುವ ಮೊದಲು ರಸೀತಿಯ ಮೇಲೆಯೇ ಏನು ಮುರಿದಿದೆಯೆಂದು ಬರೆಯಿರಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದರೆ ಇಲ್ಲಿಯ ಕಚೇರಿಯವರಿಗೂ ತಿಳಿಯುವುದು. ಚಿತ್ರ ತೆಗೆಯಿರಿ, ಕಟ್ಟಿದ ರಟ್ಟು ಅರಿವೆಗಳನ್ನು ಎಸೆಯಬೇಡಿರಿ.

ತರುವಾಯ ಸಾಗಣೆದಾರನಿಗೆ ಲಿಖಿತ ನೋಟೀಸು ಕೊಡಬೇಕು. ಅದಕ್ಕೆ ಅವಧಿ 180 ದಿನ; ಎಣಿಕೆ ಸಾಮಾನು ಮುಟ್ಟಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. ನೋಟೀಸಿಲ್ಲದೆ ಕೋರ್ಟಿಗೆ ಹೋಗಲು ಬರುವುದಿಲ್ಲ. ಫೋನಿನಲ್ಲಿ ಆಡಿದ ಮಾತು ನೋಟೀಸಲ್ಲ. ಅಂಗಡಿಯವರೇ ಮನೆಗೆ ಮುಟ್ಟಿಸುವ ಕರಾರಿದ್ದರೆ ಅವರಿಗೂ ಬರೆಯಿರಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕಾಲು ಮುರಿದ ಮಾತ್ರಕ್ಕೆ ತೊಟ್ಟಿಲನ್ನು ಮೂಲೆಗೆ ತಳ್ಳಬೇಡಿರಿ. ಲೆಕ್ಕಾಚಾರ ಮುಗಿದ ಮೇಲೆ ಒಳ್ಳೆಯ ಬಡಿಗನು ಹೊಸ ಕಾಲು ಕೂಡಿಸಿಯಾನು. ಆದರೆ ಕೂಸನ್ನು ಮಲಗಿಸುವ ಮೊದಲು ಭಾರ ಹಾಕಿ, ತೂಗಿ ಪರೀಕ್ಷಿಸಿರಿ. ಹಣದ ಹಾನಿ ತುಂಬಿಬರುತ್ತದೆ. ಕೂಸಿನ ವಿಷಯದಲ್ಲಿ ಅಂದಾಜು ಸಲ್ಲದು.