ಹಗ್ಗ ಹಿಡಿದ ಕೈಗಳ ಸಾಕ್ಷ್ಯ

ಟೈಟಾನಿಕ್ ಮುಳುಗಿದ ಸುದ್ದಿ 1912ರ ಏಪ್ರಿಲಿನಲ್ಲಿ ಹಬ್ಬಿದಾಗ ವಾರ್ತಾಚಿತ್ರ ಮಾಡುವವರು ಫಜೀತಿಗೆ ಸಿಕ್ಕಿಬಿದ್ದರು. ಜನಕ್ಕೆ ಹಡಗನ್ನು ನೋಡಬೇಕಿತ್ತು; ತೋರಿಸೋಣವೆಂದರೆ ಅದರ ಚಲನಚಿತ್ರ ಹೆಚ್ಚಾಗಿ ಯಾರ ಬಳಿಯೂ ಇರಲಿಲ್ಲ. ಕೈಗೆ ಸಿಕ್ಕಿದ್ದು ಅದೇ ಅಚ್ಚಿನ ಇನ್ನೊಂದು ಹಡಗು ಒಲಿಂಪಿಕ್‌ನ ರೀಲು. ಟೈಟಾನಿಕ್‌ಗೆ ಬರುವ ಮೊದಲು ಒಲಿಂಪಿಕ್ ನಡೆಸುತ್ತಿದ್ದವರು ಕ್ಯಾಪ್ಟನ್ ಸ್ಮಿತ್ ಅವರೇ ಆದ್ದರಿಂದ ಆ ರೀಲಿನಲ್ಲಿ ಅವರೂ ಇದ್ದರು. ಅದನ್ನೇ ಟೈಟಾನಿಕ್ ಎಂದು ತೋರಿಸಿದರು. ಗುಟ್ಟು ರಟ್ಟಾಗದಿರಲೆಂದು ಟಗ್ ದೋಣಿಗಳ ಮೇಲಿದ್ದ ಹೆಸರುಗಳನ್ನು ಫಿಲ್ಮಿನಲ್ಲೇ ಕೆರೆದು ಅಳಿಸಿದ್ದರು. ಇವತ್ತು ಎರಡೂ ಹಡಗುಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಂಡೀತು: ಟೈಟಾನಿಕ್‌ನ ಎ ಡೆಕ್ಕಿನಲ್ಲಿ ಪ್ರಯಾಣಿಕರು ಅಡ್ಡಾಡುವ ಮೊಗಸಾಲೆಯ ಮುಂದಿನ ಅರ್ಧಕ್ಕೆ ಕಿಟಕಿ ಕೂರಿಸಿ ಮುಚ್ಚಿದ್ದರು, ಒಲಿಂಪಿಕ್‌ನದು ಉದ್ದಕ್ಕೂ ಬಯಲು. ಆದರೆ ಹೀಗೆ ಹೋಲಿಸಿ ನೋಡುವ ತಾಳ್ಮೆ ಅಂದಿನ ಪ್ರೇಕ್ಷಕರಿಗೆ ಇರಬೇಕಿತ್ತು ಎನ್ನುವುದು ಅನ್ಯಾಯ. ಕಣ್ಣಾರೆ ಕಂಡದ್ದನ್ನು ನಂಬುವುದು ಮನುಷ್ಯನ ಸಹಜ ಗುಣ; ಸಿನಿಮಾ ಬೆಳೆದದ್ದೇ ಆ ನಂಬಿಕೆಯ ಮೇಲೆ. ಪ್ರಶ್ನೆ ಇರುವುದು ನಮಗೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಹಡಗುಗಳೂ ಕಡಲ ಬದುಕೂ ಇರುವ ಎಷ್ಟೋ ರೀಲುಗಳು ಈಗ ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ಅವು ಯಾವುದಕ್ಕೆ ಸಾಕ್ಷಿ?

ನನ್ನ ವಾದ ಇಷ್ಟು: ಯಾವ ಘಟನೆಗಾಗಿ ಈ ರೀಲುಗಳನ್ನು ತೆಗೆದರೋ, ಕಾಪಾಡಿದರೋ, ಇವತ್ತಿಗೂ ಹುಡುಕಿ ನೋಡುತ್ತಾರೋ, ಆ ಘಟನೆಗೆ ಅವು ತೀರಾ ಬಡ ಸಾಕ್ಷಿಗಳು. ಯಾರೂ ಲೆಕ್ಕಕ್ಕಿಡದ ಇನ್ನೊಂದು ಸಂಗತಿಗೆ, ಅಂದರೆ ದುಡಿಯುವ ಮೈ ಹೇಗೆ ದುಡಿಯುತ್ತಿತ್ತು ಎಂಬುದಕ್ಕೆ, ಅವುಗಳಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಮೊದಲು ಘಟನೆಯ ಮಾತು. ಆಸ್ಟ್ರಿಯಾ-ಹಂಗೆರಿಯ ಯುದ್ಧನೌಕೆ ಸೆಂಟ್ ಇಸ್ತ್ವಾನ್ 1918ರ ಜೂನ್ 10ರ ಬೆಳಗ್ಗೆ ಏಡ್ರಿಯಾಟಿಕ್ ಸಮುದ್ರದಲ್ಲಿ ಇಟಲಿಯ ಸಣ್ಣದೊಂದು ದೋಣಿ ಬಿಟ್ಟ ಟಾರ್ಪಿಡೊಗೆ ಸಿಕ್ಕು ಮಗುಚಿತು. ಜೊತೆಗಿದ್ದ ಟೆಗೆಟ್‌ಹಾಫ್ ನೌಕೆಯಿಂದ ಅದನ್ನು ಚಿತ್ರಿಸಿದರು. ನೌಕೆ ಮೆಲ್ಲಗೆ ಹೊರಳುತ್ತದೆ, ನಾವಿಕರು ಇರುವೆಗಳಂತೆ ಅದರ ತಳದ ಕಡೆಗೆ ಹತ್ತುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಷ್ಟು ದೊಡ್ಡ ನೌಕೆ ಮುಳುಗುವುದನ್ನು ಹೀಗೆ ಹಿಡಿದದ್ದು ಅಪರೂಪ. ಅಪರೂಪವಾದದ್ದೇ ಅದಕ್ಕೆ ಮುಳುವಾಯಿತು. ನೌಕೆ ಮುಳುಗುವ ದೃಶ್ಯ ಬೇಕೆನಿಸಿದಾಗಲೆಲ್ಲ ಸಾಕ್ಷ್ಯಚಿತ್ರದವರು ಇದನ್ನೇ ಎತ್ತಿಕೊಂಡು ಬೇರೆ ಕದನ, ಬೇರೆ ದೇಶದ ಹೆಸರು ಅಂಟಿಸಿದರು. ಸತ್ತ 89 ಮಂದಿಯ ಸಾವು ಹೀಗೆ ಯಾರ ಯಾರದೋ ಸಾವಾಗಿ ತೆರೆಯ ಮೇಲೆ ಓಡಾಡಿತು. ದೃಶ್ಯದೊಳಗೆ ಇದನ್ನು ತಡೆಯುವಂಥದ್ದು ಏನೂ ಇಲ್ಲ. ಯಾವ ನೌಕೆ, ಯಾವ ದಿನ, ಯಾರ ಟಾರ್ಪಿಡೊ ಎಂಬುದನ್ನು ಹೇಳುವುದು ಲಾಗ್ ಪುಸ್ತಕ, ವಿಚಾರಣಾ ವರದಿ, ಸತ್ತವರ ಪಟ್ಟಿ. ಇನ್ನೊಂದು ನಿದರ್ಶನ: ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನ ಅಂಗಡಿಯೊಂದರ ನೆಲಮಾಳಿಗೆಯಲ್ಲಿ 1994ರಲ್ಲಿ ಮಿಚೆಲ್ ಮತ್ತು ಕೆನ್ಯನ್ ಎಂಬ ಚಿತ್ರ ಕಂಪನಿಯ ಸುಮಾರು 800 ರೀಲುಗಳು ಸಿಕ್ಕವು. 1901ರಲ್ಲಿ ಲುಕೇನಿಯಾ ಹಡಗು ಅಮೆರಿಕಕ್ಕೆ ಹೊರಡುವ ದೃಶ್ಯವೂ ಅದರಲ್ಲಿತ್ತು. ಆ ರಾಶಿ ಇತಿಹಾಸವಾದದ್ದು ಸಂಶೋಧಕರು ಅಂದಿನ ಸ್ಥಳೀಯ ಪತ್ರಿಕೆಗಳನ್ನು ತಿರುವಿಹಾಕಿ ಊರು, ದಿನ, ಸಂದರ್ಭ ಗುರುತು ಹಚ್ಚಿದ ಮೇಲೆಯೇ.

ಇನ್ನು ಕ್ಯಾಮೆರಾ ಕಾಣದೆ ಹೋದದ್ದು. ಅನ್ವೇಷಕ ಶ್ಯಾಕಲ್ಟನ್ನನ ಎಂಡ್ಯುರೆನ್ಸ್ ಹಡಗು ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದು 1915ರಲ್ಲಿ ನುಚ್ಚುನೂರಾದಾಗ ತಂಡದ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಅದರ ಹಾಯಿಕಂಬಗಳು ಮುರಿದುಬೀಳುವುದನ್ನು ಚಿತ್ರಿಸಿದರು, ನೆಗೆಟಿವ್‌ಗಳನ್ನು ಕೊರೆಯುವ ನೀರಿಗಿಳಿದು ಉಳಿಸಿಕೊಂಡರು. ಆದರೆ ಹೊರೆ ಇಳಿಸಲೇಬೇಕಾಗಿ ಬಂದಾಗ ದೊಡ್ಡ ಕ್ಯಾಮೆರಾವನ್ನು ಅಲ್ಲೇ ಬಿಟ್ಟರು. ಹಾಗಾಗಿ ಆ ಸಾಹಸದ ಎದೆಯೆನ್ನಬಹುದಾದ ಭಾಗದ, ನೆರವು ಹುಡುಕುತ್ತ ಚಿಕ್ಕ ದೋಣಿಯಲ್ಲಿ ಆರು ಜನ ಸುಮಾರು 800 ಮೈಲಿ ದಾಟಿದ ಯಾನದ, ಚಲನಚಿತ್ರವೇ ಇಲ್ಲ. ಹರ್ಲಿ 1917ರಲ್ಲಿ ಸೌತ್ ಜಾರ್ಜಿಯಾ ದ್ವೀಪಕ್ಕೆ ಮರಳಿ ಪೆಂಗ್ವಿನ್, ಸೀಲುಗಳನ್ನು ಚಿತ್ರಿಸಿ ತಂದರು. ಆ ಸಾಹಸವನ್ನು ಕುರಿತ 1919ರ ‘ಸೌತ್’ ಚಿತ್ರದಲ್ಲಿ ಅವಕ್ಕೆ ಧಾರಾಳ ಜಾಗ. ಇದು ಹಿಮದ ದಾರಿಯ ಮಾತಾಯಿತು. ಸಾಮಾನ್ಯ ಹಡಗಿನಲ್ಲೂ ಇದೇ ಕಥೆ. ಅಂದಿನ ಫಿಲ್ಮಿಗೆ ಬಿಸಿಲು ಬೇಕೇಬೇಕು, ಕ್ಯಾಮೆರಾ ಹಿಡಿದವನಿಗೆ ಕಂಪನಿಯ ಅಪ್ಪಣೆ ಬೇಕು. ಎರಡೂ ಸಿಗುತ್ತಿದ್ದದ್ದು ಮೇಲಿನ ಡೆಕ್ಕಿನಲ್ಲಿ. ಟೈಟಾನಿಕ್‌ನ ಹೊಟ್ಟೆಯೊಳಗೆ 29 ಬಾಯ್ಲರು, 159 ಒಲೆಗಳಿದ್ದವು; ದಿನಕ್ಕೆ ಸುಮಾರು 600 ಟನ್ ಕಲ್ಲಿದ್ದಲನ್ನು ಮನುಷ್ಯರು ಸಲಿಕೆಯಲ್ಲಿ ಎತ್ತಿ ಅವಕ್ಕೆ ತುಂಬಬೇಕಿತ್ತು. ಬ್ರಿಟಿಷ್ ಹಡಗುಗಳಲ್ಲಿ ಇಂಥ ಬೆಂಕಿಯ ಮುಂದೆ ನಿಂತವರಲ್ಲಿ ಸಿಲ್ಹೆಟ್ ಕಡೆಯ ಖಲಾಸಿಗಳು ಬಹಳ ಮಂದಿ. ಗೋವೆಯವರು ಊಟದ ಸಾಲೆಯಲ್ಲಿ. ಬಿಳಿಯ ನಾವಿಕರಿಗಿಂತ ಎಷ್ಟೋ ಕಡಿಮೆ ಸಂಬಳಕ್ಕೆ ದುಡಿದ ಇವರು ರೀಲುಗಳಲ್ಲಿ ಸುಳಿದರೆ ಅಂಚಿನಲ್ಲಿ, ಅದೂ ಅರೆಗಳಿಗೆ. ಟೋಪಿ ಬೀಸುವ ಪ್ರಯಾಣಿಕರು ಮಾತ್ರ ಬೇಕಾದಷ್ಟು ಸಿಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಈ ರೀಲುಗಳನ್ನು ನಾನು ಕೈಬಿಡಲಾರೆ. ಕಾರಣ ಪೆಕಿಂಗ್. ಇದು ಹ್ಯಾಂಬರ್ಗಿನಲ್ಲಿ 1911ರಲ್ಲಿ ಕಟ್ಟಿದ ನಾಲ್ಕು ಕಂಬಗಳ ಉಕ್ಕಿನ ಹಾಯಿಹಡಗು, ಚಿಲಿಯಿಂದ ಯುರೋಪಿಗೆ ನೈಟ್ರೇಟ್ ತರಲು ಓಡಾಡುತ್ತಿತ್ತು. ಅರ್ವಿಂಗ್ ಜಾನ್ಸನ್ ಎಂಬ ಅಮೆರಿಕದ ತರುಣ 1929ರಲ್ಲಿ ಅದನ್ನು ಹತ್ತಿ, ಕೇಪ್ ಹಾರ್ನ್ ಸುತ್ತುವಾಗ ಬಿರುಗಾಳಿಯ ನಡುವೆ ಕಂಬವೇರಿ ಚಿತ್ರ ತೆಗೆದ. ಮೇಲಿನಿಂದ ನೋಡಿದರೆ ಡೆಕ್ಕು ನೀರಿನೊಳಗೆ ಮುಳುಗಿಯೇ ಹೋಗುತ್ತದೆ, ಮತ್ತೆ ಏಳುತ್ತದೆ. ಎಲ್ಲರೂ ಮೆಚ್ಚುವುದು ಅದನ್ನೇ. ನನಗೆ ಅದಕ್ಕಿಂತ ಬೆಲೆಯುಳ್ಳದ್ದು ಹಾಯಿ ಸುತ್ತುವ ಕೆಲಸ. ಅಡ್ಡಕಂಬದ ಕೆಳಗೆ ಜೋತುಬಿದ್ದ ಹಗ್ಗದ ಮೇಲೆ ಪಾದ ಊರಿ, ಹೊಟ್ಟೆಯನ್ನು ಕಂಬಕ್ಕೆ ಒತ್ತಿ, ಸಾಲಾಗಿ ಬಗ್ಗಿದ ಹುಡುಗರು ನೆನೆದು ಬಿರುಸಾದ ಹಾಯಿಬಟ್ಟೆಯನ್ನು ಎರಡೂ ಕೈಯಲ್ಲಿ ಬಾಚುತ್ತಾರೆ. ಕೈ ಎರಡೂ ಹಾಯಿಯ ಮೇಲಿರುವಾಗ ಅವರನ್ನು ಹಿಡಿದಿಟ್ಟಿರುವುದು ಹೊಟ್ಟೆ ಮತ್ತು ಪಾದ ಮಾತ್ರ. ಒಬ್ಬ ಎಳೆದು ತಂದ ಮಡಿಕೆ ಪಕ್ಕದವನು ಎಳೆಯುವವರೆಗೆ ಜಾರದಂತೆ ಎದೆಯಡಿ ಸಿಕ್ಕಿಸಿಕೊಳ್ಳಬೇಕು. ಈ ಹೊಂದಾಣಿಕೆಯ ಲಯ ಯಾವ ಲಾಗ್ ಪುಸ್ತಕದಲ್ಲೂ ಇಲ್ಲ. ಅಲ್ಲಿ ಸಿಗುವುದು ಹಾಯಿ ಇಳಿಸಿದ ಗಂಟೆ, ಗಾಳಿಯ ದಿಕ್ಕು.

ನಾವಿಕರ ತರಬೇತಿ ಕೈಪಿಡಿಗಳಿದ್ದವಲ್ಲ, ಸಿನಿಮಾ ಏಕೆ ಎಂದು ಕೇಳಬಹುದು. ಇದ್ದವು, ಚಿತ್ರಗಳ ಸಮೇತ ಇದ್ದವು. ಆದರೆ ಕೈಪಿಡಿ ಹೇಳುವುದು ಕೆಲಸ ಹೇಗಾಗಬೇಕೆಂದು. ದಣಿದ ಮೈ, ಮರಗಟ್ಟಿದ ಬೆರಳು, ಹೊಯ್ದಾಡುವ ಕಂಬ ಇವುಗಳ ನಡುವೆ ಹೇಗಾಯಿತು ಎಂದಲ್ಲ. ಹಾಗೆಂದು ಇಲ್ಲಿಯೂ ಮಾತಿನ ಹಂಗು ತಪ್ಪಿದ್ದಲ್ಲ. ಪೆಕಿಂಗ್‌ನ ಮೂಕ ದೃಶ್ಯಗಳಿಗೆ ಜಾನ್ಸನ್ ತಾವೇ ವಿವರಣೆ ಕೊಟ್ಟದ್ದು ಐದು ದಶಕ ಕಳೆದು, 1980ರಲ್ಲಿ. ಅದಿಲ್ಲದಿದ್ದರೆ ನಮ್ಮಂಥವರಿಗೆ ಯಾವ ಹಗ್ಗ ಯಾವುದಕ್ಕೆಂದೇ ತಿಳಿಯುತ್ತಿರಲಿಲ್ಲ. ಆದರೆ ಮುಪ್ಪಿನ ನೆನಪು ತಪ್ಪಿದಲ್ಲಿ ಚಿತ್ರ ಅದನ್ನು ತಿದ್ದಬಲ್ಲದು. ಘಟನೆಯ ವಿಷಯದಲ್ಲಿ ಚಿತ್ರಕ್ಕೆ ಈ ಶಕ್ತಿ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಕ್ಯಾಮೆರಾ ಎದುರಿಗಿದ್ದರೆ ಮನುಷ್ಯ ನಟಿಸುತ್ತಾನೆ, ಹಾಗಾದರೆ ದುಡಿಮೆಯ ದೃಶ್ಯವನ್ನಾದರೂ ನಂಬುವುದು ಹೇಗೆ? ನಿರ್ದೇಶಕ ಜಾನ್ ಗ್ರಿಯರ್ಸನ್ ಅವರ 1929ರ ‘ಡ್ರಿಫ್ಟರ್ಸ್’ ಇದಕ್ಕೆ ಒಳ್ಳೆಯ ಪರೀಕ್ಷೆ. ಉತ್ತರ ಸಮುದ್ರದ ಹೆರಿಂಗ್ ಮೀನುಗಾರರ ಈ ಚಿತ್ರದಲ್ಲಿ ದೋಣಿಯ ಒಳಕೋಣೆ ದಡದ ಮೇಲೆ ಕಟ್ಟಿದ ಸೆಟ್ಟು. ಆದ್ದರಿಂದ ಅಲ್ಲಿ ಯಾರು ಹೇಗೆ ಮಲಗಿದರು, ಉಂಡರು ಎಂಬುದಕ್ಕೆ ಅದನ್ನು ಆಧಾರ ಮಾಡಿಕೊಳ್ಳಬಾರದು. ಬಲೆ ಎಳೆಯುವುದು ಬೇರೆ ಮಾತು. ಒದ್ದೆ ಬಲೆಯ ತೂಕ ನಿರ್ದೇಶಕನ ಮಾತು ಕೇಳುವುದಿಲ್ಲ. ಮುಖವನ್ನು ಬದಲಿಸಿಕೊಳ್ಳಬಹುದು, ನಗಬಹುದು, ಗಂಭೀರವಾಗಬಹುದು. ಅಷ್ಟು ಭಾರವನ್ನು ಹೊಯ್ದಾಡುವ ದೋಣಿಗೆ ಎಳೆದುಕೊಳ್ಳಲು ಮೈ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಬೇಕು. ಹೀಗಾಗಿ ನಾವು ಕೇಳಬೇಕಾದದ್ದು ದೃಶ್ಯ ಏರ್ಪಡಿಸಿದ್ದೇ, ಅಲ್ಲವೇ ಎಂದಲ್ಲ, ಏರ್ಪಾಡು ಎಲ್ಲಿಯವರೆಗೆ ಮುಟ್ಟಲು ಸಾಧ್ಯವಿತ್ತು ಎಂದು.

ಇದನ್ನು ಒಪ್ಪಿದರೆ ಈಗ ನಡೆಯುತ್ತಿರುವ ಒಂದು ಕೆಲಸವನ್ನು ಅನುಮಾನದಿಂದ ನೋಡಬೇಕಾಗುತ್ತದೆ. ಹಳೆಯ ರೀಲುಗಳಿಗೆ ಬಣ್ಣ ತುಂಬಿ, ಕುಲುಕು ಹೋಗಲಾಡಿಸಿ, ಸೆಕೆಂಡಿಗೆ 60 ಚೌಕಟ್ಟು ಬರುವಂತೆ ನಯಗೊಳಿಸುತ್ತಿದ್ದಾರೆ. ಕೈಯಲ್ಲಿ ತಿರುಗಿಸುತ್ತಿದ್ದ ಕ್ಯಾಮೆರಾ ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳನ್ನಷ್ಟೇ ಹಿಡಿಯುತ್ತಿತ್ತು. ಉಳಿದವು ತಂತ್ರಾಂಶದ ಊಹೆ, ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ಪಾಲು. ಹಡಗಿನ ಬಣ್ಣ ತಪ್ಪಿದರೆ ಕಂಪನಿಯ ಕಾಗದದಲ್ಲಿ ನೋಡಿ ಸರಿಪಡಿಸಬಹುದು. ಹಗ್ಗ ಜಾರುವಾಗ ಬೆರಳು ಎಲ್ಲಿತ್ತೆಂದು ಯಾವ ಕಾಗದದಲ್ಲಿ ನೋಡುವುದು? ಬಣ್ಣವಿಲ್ಲದಿದ್ದರೆ ಇಂದಿನವರು ನೋಡುವುದೇ ಇಲ್ಲ ಎಂಬ ಸಮಜಾಯಿಷಿ ಪೂರ್ತಿ ಸುಳ್ಳಲ್ಲ. ನೋಡಲಿ, ಆದರೆ ಮೂಲ ಪ್ರತಿ ಪಕ್ಕದಲ್ಲೇ ಇರಲಿ, ಎಷ್ಟು ಚೌಕಟ್ಟು ಸೇರಿಸಿದ್ದೆಂದು ಬರೆದಿರಲಿ. ಮತ್ತು ಭಂಡಾರದ ಸೂಚಿಯಲ್ಲಿ ಹಡಗಿನ ಹೆಸರು, ಕ್ಯಾಪ್ಟನ್ ಹೆಸರಿನ ಜೊತೆಗೆ ಹಾಯಿ ಸುತ್ತುವುದು, ಕಲ್ಲಿದ್ದಲು ತುಂಬುವುದು, ಬಲೆ ಎಳೆಯುವುದು ಎಂಬ ನಮೂದುಗಳೂ ಇರಲಿ. ಇಲ್ಲವಾದರೆ ಅಂಚಿನಲ್ಲಿ ಸುಳಿದ ಖಲಾಸಿಯನ್ನು ಹುಡುಕುವವನು ಸಾವಿರ ಟೋಪಿಗಳನ್ನು ದಾಟಿಕೊಂಡೇ ಹೋಗಬೇಕಾಗುತ್ತದೆ.